ಬೇಡ, ಬ್ಯಾಡ, ಸಾಕು

“ಇವಳಿಗೆ ಬೇಕಾದಾಗ ಕೇಳುತ್ತೆ, ಬೇಡದಾಗ ಕೇಳಲ್ಲ. ಡ್ರಾಮಾನಾ ನಿಜಾನಾ ಅಂತ ಟೆಸ್ಟ್ ಮಾಡಿ ಹೇಳ್ಬಿಡಿ ಮೇಡಂ.”

ಇಂದಿರಾನಗರದಿಂದ ಬಂದ ಮನೆಯೊಡತಿ ನನ್ನೆದುರಿನ ಕುರ್ಚಿಯಲ್ಲಿ ಕೂರುವ ಮೊದಲೇ ಹೀಗೆಂದರು. ಹೇಳಿದ್ದು ತಮ್ಮ ಪಕ್ಕದಲ್ಲಿ ನಿಂತಿದ್ದ ಆಯಾಳ ಬಗ್ಗೆ. ಆಕೆಗೆ ನಲವತ್ತರ ಆಸುಪಾಸು. ಕಲಬುರಗಿ ಕಡೆಯವಳು, ಕೆ.ಆರ್. ಪುರದಲ್ಲಿ ಗಂಡನೊಡನೆ ಬಾಡಿಗೆ ಕೋಣೆ. ತನ್ನ ಬಗ್ಗೆಯೇ ಮಾತು ನಡೆದಿದೆ ಎಂದು ಆಕೆಗೆ ಗೊತ್ತಿತ್ತು. ಏನು ಮಾತು ಎಂದು ಗೊತ್ತಿರಲಿಲ್ಲ. ಆದ್ದರಿಂದ ಇಬ್ಬರ ಮುಖವನ್ನೂ ನೋಡಿ ನಗುತ್ತಿದ್ದಳು. ಕಿವಿ ಹೋದವರ ಈ ನಗು ನನಗೆ ಚೆನ್ನಾಗಿ ಗೊತ್ತು. ಅದರಲ್ಲಿ ಸಂತೋಷ ಇರುವುದಿಲ್ಲ.

ಹಲಸೂರಿನಲ್ಲಿ ಒಂದು ಹಳೆಯ ಚರ್ಚಿನ ಹಾಲಿಗೆ ಅಂಟಿಕೊಂಡ ಕೋಣೆಯಲ್ಲಿ ವಾರಕ್ಕೆ ಮೂರು ದಿನ ನಾನು ಕೂರುತ್ತೇನೆ. ಕಿವಿ ಪರೀಕ್ಷೆ, ಮಷೀನು ಹೊಂದಿಸುವುದು, ತುಟಿ ನೋಡಿ ಮಾತು ತಿಳಿಯಲು ಕಲಿಸುವುದು. ರಿಟೈರ್ ಆದ ಮೇಲೂ ನನ್ನನ್ನು ಬಿಡದ ಕೆಲಸ. ಕಿಟಕಿಯಿಂದ ಕಾಣುವ ರಸ್ತೆಯಲ್ಲಿ ನಾನು ಫ್ರಾಕ್ ತೊಟ್ಟು ಕಾನ್ವೆಂಟಿಗೆ ನಡೆದಿದ್ದೇನೆ. ಆಗ ಅಲ್ಲಿ ಮಳೆಮರಗಳ ಕೆಳಗೆ ಮಾತಾಡಿದರೆ ಎದುರಿನ ಕಾಂಪೌಂಡಿಗೆ ಕೇಳುತ್ತಿತ್ತು. ಈಗ ಕಿವಿ ನೆಟ್ಟಗಿರುವವರೂ ಕೂಗಾಡಬೇಕು.

ಮನೆಯೊಡತಿ ಫೋನ್ ತೆಗೆದು ನನಗೊಂದು ವಿಡಿಯೋ ತೋರಿಸಿದರು. ಅವರ ತಾಯಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು, ಮುಖದ ಬಲಭಾಗ ಬಿದ್ದುಹೋಗಿತ್ತು. ದನಿ ಹೋಗಿ ಬರೀ ಪಿಸುಮಾತು ಉಳಿದಿತ್ತು. ಹಗಲು ಅವರನ್ನು ನೋಡಿಕೊಳ್ಳಲು ಏಜೆನ್ಸಿಯಿಂದ ಬಂದವಳೇ ಈ ಆಯಾ. ಗೋಡೆಯ ಕ್ಯಾಮೆರಾ ಹಿಡಿದ ದೃಶ್ಯದಲ್ಲಿ ಆಯಾ ಗಂಜಿ ತಿನ್ನಿಸುತ್ತಿದ್ದಾಳೆ. ವಾಲ್ಯೂಮ್ ಪೂರ್ತಿ ಏರಿಸಿದರೆ ಆ ತಾಯಿಯ ಉಸಿರು ಕೇಳುತ್ತದೆ: ಬೇಡ. ಬೇಡ. ಆಯಾ ನಗುತ್ತಾ ತಲೆಯಾಡಿಸಿ ಮತ್ತೊಂದು ಚಮಚ ಬಾಯಿಗಿಡುತ್ತಾಳೆ. ಮತ್ತೆ ಬೇಡ. ಮತ್ತೆ ನಗು, ಮತ್ತೊಂದು ಚಮಚ. ಗಂಜಿ ಕೆನ್ನೆಯ ಮೇಲೆ ಇಳಿಯುತ್ತದೆ. ವಿಡಿಯೋ ಮೇಲೆ ಯಾರೋ ಕೆಂಪಕ್ಷರದಲ್ಲಿ ‘ರಾಕ್ಷಸಿ ಆಯಾ’ ಎಂದು ಬರೆದಿದ್ದರು.

“ಇದು ನಮ್ಮ ಲೇಔಟ್ ಗ್ರೂಪಲ್ಲೆಲ್ಲಾ ಓಡಾಡ್ತಿದೆ,” ಎಂದರು ಮನೆಯೊಡತಿ. “ನಾನೇ ಹಾಕಿದ್ದು. ಬೇರೆಯವರು ಹುಷಾರಾಗಿರ್ಲಿ ಅಂತ.”

“ಆಕೆ ಇದನ್ನ ನೋಡಿದ್ದಾಳಾ?”

“ಅವಳಿಗ್ಯಾಕೆ ತೋರಿಸ್ಲಿ? ಮಾಡಿದ್ದು ಅವಳೇ ಅಲ್ವಾ?”

ಆಕೆಯನ್ನು ಬೂತಿನಲ್ಲಿ ಕೂರಿಸಿ ಇಯರ್‌ಫೋನ್ ಹಾಕಿದೆ. ಸದ್ದು ಕೇಳಿದಾಗ ಕೈ ಎತ್ತಬೇಕು ಎಂದು ಮಾಡಿ ತೋರಿಸಿದೆ. ಕಡಿಮೆ ಸ್ವರದಿಂದ ಎತ್ತರದ ಸ್ವರಕ್ಕೆ, ಸಣ್ಣ ಸದ್ದಿನಿಂದ ದೊಡ್ಡ ಸದ್ದಿಗೆ. ಅರ್ಧ ಗಂಟೆ ಬಿಟ್ಟು ಮೊದಲಿನಿಂದ ಇನ್ನೊಮ್ಮೆ ಮಾಡಿದೆ. ನಟಿಸುವವರು ಎರಡನೇ ಸಲ ಸಿಕ್ಕಿಬೀಳುತ್ತಾರೆ. ಎಲ್ಲಿ ಕೈ ಎತ್ತಿದ್ದೆ ಎಂಬುದು ಅವರಿಗೆ ನೆನಪಿರುವುದಿಲ್ಲ. ಆಕೆಯ ಎರಡು ಗ್ರಾಫೂ ಒಂದರ ಮೇಲೊಂದು ಕೂತವು. ಕೆಳಗಿನ ಸ್ವರಗಳು ಅಲ್ಪಸ್ವಲ್ಪ ಕೇಳುತ್ತಿದ್ದವು, ಮೇಲಿನವು ಇಲ್ಲವೇ ಇಲ್ಲ. ಊರಲ್ಲಿದ್ದಾಗ ಟಿ.ಬಿ. ಬಂದು ತಿಂಗಳುಗಟ್ಟಲೆ ಇಂಜೆಕ್ಷನ್ ಕೊಟ್ಟಿದ್ದರಂತೆ. ಕಾಯಿಲೆ ಹೋಯಿತು, ಜೊತೆಗೆ ಕಿವಿಯೂ.

ನಾನು ಇದನ್ನು ವಿವರಿಸುತ್ತಿದ್ದಾಗಲೇ ಮನೆಯೊಡತಿ ಎದ್ದು ಆಯಾಳ ಬೆನ್ನ ಹಿಂದೆ ಹೋಗಿ ನಿಂತರು. “ಏ ಕತ್ತೆ!” ಎಂದರು. ಆಕೆ ತಿರುಗಲಿಲ್ಲ. “ಏ ಕತ್ತೆ, ನಿನ್ ಗಂಡ ಓಡೋದ್ನಂತೆ!” ಆಕೆ ನನ್ನ ಮುಖ ನೋಡುತ್ತಾ ನಗುತ್ತಲೇ ಇದ್ದಳು. “ಅರೆ, ನಿಜವಾಗ್ಲೂ ಕೇಳಲ್ಲ!” ಎಂದು ಮನೆಯೊಡತಿ ಜೋರಾಗಿ ನಕ್ಕರು. ಆ ನಗು ಕಂಡು ಆಯಾಳೂ ಜೊತೆಗೂಡಿ ನಕ್ಕಳು.

“ನನ್ನ ಟೆಸ್ಟ್ ಮುಗಿದಿತ್ತು. ಇದು ಬೇಕಿರಲಿಲ್ಲ,” ಎಂದೆ.

“ಜಸ್ಟ್ ಚೆಕಿಂಗ್, ಮೇಡಂ. ಆದ್ರೆ ಕಿವುಡಿ ಆದ್ರೇನು, ಅಮ್ಮ ಒದ್ದಾಡ್ತಿರೋದು ಕಣ್ಣಿಗೆ ಕಾಣಲ್ವಾ?”

ಅದು ನ್ಯಾಯವಾದ ಪ್ರಶ್ನೆ. ಏಜೆನ್ಸಿಯಲ್ಲಿ ದೀಪಾವಳಿಯ ತನಕ ಬೇರೆ ಹೆಂಗಸಿರಲಿಲ್ಲವಾದ್ದರಿಂದ ಅಲ್ಲಿಯವರೆಗೆ ಕಲಿಸಿ ನೋಡಲು ಮನೆಯೊಡತಿ ಒಪ್ಪಿದರು. ಆಮೇಲೂ ಹೀಗೇ ಇದ್ದರೆ ಕೆಲಸದಿಂದ ತೆಗೆದು, ಕಾರಣ ಬರೆದು ಏಜೆನ್ಸಿಗೆ ಕಳಿಸುವುದು. ಅಂಥ ಕಾರಣ ಹೊತ್ತವಳಿಗೆ ಇನ್ನೊಂದು ಮನೆಯಲ್ಲಿ ರೋಗಿಯ ಕೋಣೆಗೆ ಪ್ರವೇಶ ಸಿಗುವುದಿಲ್ಲ.

ಟ್ರಯಲ್‌ಗೆಂದು ಇಟ್ಟುಕೊಂಡಿದ್ದ ಒಂದು ಮಷೀನನ್ನು ಆಕೆಯ ಎಡಗಿವಿಗೆ ಹೊಂದಿಸಿದೆ. ಕಿವಿಯೊಳಗೆ ಅಚ್ಚಿನ ಹಿಟ್ಟು ತುಂಬಿ ಅಚ್ಚು ತೆಗೆದು ಮೋಲ್ಡ್ ಮಾಡಿಸಿದೆ. ಮೊದಲ ದಿನ ಮಷೀನು ಹಾಕಿಕೊಂಡು ತನ್ನದೇ ದನಿ ಕೇಳಿ ಆಕೆ ಬೆದರಿದಳು. “ಯಾರೋ ಗಂಡಸು ಮಾತಾಡ್ದಂಗ ಆಗ್ತದಲ್ರಿ ಮಿಸ್!”

“ನಿನ್ನ ದನಿಯೇ ಕಣಮ್ಮ.”

“ಹಂಗಾರ ನನ್ನ ಗಂಡ ಇಷ್ಟು ದಿನ ಹೆಂಗ ತಡ್ಕೊಂಡಾನ್ರೀ?”

ಮಷೀನು ಸದ್ದನ್ನು ಕೊಡುತ್ತದೆ, ಮಾತನ್ನು ಕೊಡುವುದಿಲ್ಲ. ಅದಕ್ಕೆ ಕಣ್ಣು ಸೇರಬೇಕು. ಕನ್ನಡಿಯ ಮುಂದೆ ಪಕ್ಕಪಕ್ಕ ಕೂತು ತುಟಿಗಳ ಪಾಠ ಶುರು ಮಾಡಿದೆವು. ಪ, ಬ, ಮ ಮೂರಕ್ಕೂ ತುಟಿ ಮುಚ್ಚುತ್ತದೆ, ನೋಡಿದರೆ ಒಂದೇ. ವ ಬಂದಾಗ ಹಲ್ಲು ತುಟಿಗೆ ತಾಗುತ್ತದೆ. ಕ, ಗ, ಟ, ಡ ಬಾಯಿಯ ಒಳಗೇ ಹುಟ್ಟಿ ಮುಗಿಯುತ್ತವೆ, ಹೊರಗೆ ಕಾಣುವುದಿಲ್ಲ. ಅರ್ಧ ಮಾತು ಕಾಣುತ್ತದೆ, ಉಳಿದರ್ಧವನ್ನು ಸಂದರ್ಭದಿಂದ ಊಹಿಸಬೇಕು. ಜೊತೆಗೆ ಕೆಲವು ಅಭ್ಯಾಸಗಳು. ಮಾತಾಡುವವರ ಮುಖದ ಮೇಲೆ ಬೆಳಕು ಬೀಳುವಂತೆ ನಿಲ್ಲುವುದು. ಅರ್ಥವಾಗದಿದ್ದರೆ ನಗದಿರುವುದು. ಸುಮ್ಮನೆ ‘ಆಂ?’ ಎನ್ನದೆ, ಸಿಕ್ಕಿದ್ದಷ್ಟನ್ನು ತಿರುಗಿ ಹೇಳಿ ಉಳಿದದ್ದನ್ನು ಕೇಳುವುದು.

ನಗದಿರುವುದೇ ಆಕೆಗೆ ಎಲ್ಲಕ್ಕಿಂತ ಕಷ್ಟವಾಯಿತು. “ನಗಲಿಲ್ಲಂದ್ರ ಸೊಕ್ಕಿನಾಕಿ ಅಂತಾರ್ರಿ,” ಎಂದಳು.

ಮೂರನೇ ವಾರಕ್ಕೆ ಮಷೀನು ಆಫ್ ಮಾಡಿ ನಾನು ಹೇಳಿದ ಮಾತುಗಳನ್ನೂ ಪಟಪಟನೆ ಹಿಡಿಯತೊಡಗಿದಳು. ಬೇಕು, ಬೇಡ, ಬಿಸಿ, ತಣ್ಣಗೆ, ಎತ್ತು, ಇಳಿಸು. ಒಂದೂ ತಪ್ಪಲಿಲ್ಲ. ನನಗೆ ಹೆಮ್ಮೆಯೆನಿಸಿತು. ಕಾನ್ವೆಂಟಿನ ಎಲೊಕ್ಯೂಷನ್ ಕ್ಲಾಸಿನಲ್ಲಿ ಸಿಸ್ಟರ್‌ಗಳು ನಮ್ಮ ಬಾಯಿಯನ್ನು ಹಾಗೆ ತಿದ್ದಿದ್ದರು. ಒಂದೊಂದು ಅಕ್ಷರವೂ ತುಟಿಯ ಮೇಲೆ ಬಂದು ನಿಂತು ಹೋಗಬೇಕು. ನನ್ನ ಇಂಗ್ಲಿಷ್ ಹಾಗೆ, ಕನ್ನಡವೂ ಹಾಗೆ.

ಆ ಮನೆಯಲ್ಲಿ ಮಾತ್ರ ಏನೂ ಬದಲಾಗಿರಲಿಲ್ಲ. ರೋಗಿಯನ್ನು ಎತ್ತಿ ಕೂರಿಸಲು ಬಾಗಿದಾಗ ಮಷೀನು ಅವರ ಭುಜಕ್ಕೆ ಒತ್ತಿ ಕೀ ಎಂದು ಶಿಳ್ಳೆ ಹಾಕುತ್ತಿತ್ತು. “ಅಮ್ಮನಿಗೆ ಡಿಸ್ಟರ್ಬ್ ಆಗುತ್ತೆ” ಎಂದು ಮನೆಯೊಡತಿ ಅದನ್ನು ತೆಗೆಸಿ ಅಡುಗೆಮನೆಯ ಶೆಲ್ಫಿನ ಮೇಲೆ ಇಡಿಸುತ್ತಿದ್ದರು. ಊಟದ ಹೊತ್ತಿನಲ್ಲಿ ಹಾಕಿಕೊಂಡರೆ ಅಲ್ಲಿನ ಅಡುಗೆಯವಳಿಗೆ ಒಂದು ಹೊಸ ಆಟ ಸಿಕ್ಕಿತ್ತು. ದನಿಯಿಲ್ಲದೆ ಬರೀ ಬಾಯಿ ಆಡಿಸುವುದು. ಮಷೀನು ಕೆಲಸ ಮಾಡುತ್ತಿಲ್ಲ ಎಂದುಕೊಂಡು ಆಯಾ ವಾಲ್ಯೂಮ್ ಏರಿಸುತ್ತಾಳೆ. ಪೂರ್ತಿ ಏರಿಸಿದ ಮೇಲೆ ಕಿವಿಯ ಪಕ್ಕ ಸ್ಟೀಲ್ ತಟ್ಟೆ ಬಡಿಯುವುದು. ಆಕೆ ಕಿವಿ ಹಿಡಿದು ಕುಸಿದಾಗ ಅಡುಗೆಯವಳು “ಅಯ್ಯೋ, ಕೇಳ್ತಾ? ಕಂಗ್ರಾಚುಲೇಷನ್ಸ್!” ಅನ್ನುತ್ತಿದ್ದಳಂತೆ. ಇದನ್ನು ಆಯಾ ನನ್ನ ಮುಂದೆ ಅಭಿನಯಿಸಿಯೇ ತೋರಿಸಿದಳು.

ದೀಪಾವಳಿಗೆ ಹದಿನೈದು ದಿನವಿರುವಾಗ ಮನೆಯೊಡತಿ ಫೋನ್ ಮಾಡಿದರು. “ನಿಮ್ ಕ್ಲಾಸ್ ವೇಸ್ಟ್ ಮೇಡಂ. ನಿನ್ನೆ ಮತ್ತೆ ಅದೇ. ಅಮ್ಮ ಬೇಡ ಬೇಡ ಅಂತಿದ್ರೆ ತುರುಕ್ತಾನೇ ಇದ್ಲು. ವಾಂತಿ ಆಯ್ತು.” ಹಳೆಯ ವಿಡಿಯೋದ ಜೊತೆಗೆ ನಿನ್ನೆಯದನ್ನೂ ನನಗೆ ಕಳಿಸಿದರು.

ಒಂದು ದಿನ ಪೂರ್ತಿ ಯೋಚಿಸಿದೆ. ಆಯಾಳಿಗೆ ಕಾಣಿಸದ್ದು ಏನೋ ಅಲ್ಲಿ ಇದೆ. ಅದು ಏನೆಂದು ತಿಳಿಯಬೇಕಾದರೆ ವಿಡಿಯೋವನ್ನು ಆಕೆಗೇ ತೋರಿಸಬೇಕು. ತೋರಿಸಿದರೆ ಊರೆಲ್ಲ ತನ್ನನ್ನು ಹೇಗೆ ನೋಡಿದೆ ಎಂಬುದೂ ಆಕೆಗೆ ತಿಳಿಯುತ್ತದೆ. ತೋರಿಸುವುದೆಂದೇ ತೀರ್ಮಾನಿಸಿದೆ. ಕೆಂಪಕ್ಷರದ ಮೇಲೆ ಹೆಬ್ಬೆರಳಿಟ್ಟು, ಸದ್ದು ಪೂರ್ತಿ ತೆಗೆದು ಹಳೆಯ ವಿಡಿಯೋ ಹಾಕಿದೆ. ಆಕೆಯ ಮುಖ ಅರಳಿತು. “ಅಯ್ಯ, ನಮ್ಮವ್ವ! ಫೋನ್ನಾಗ ಹೆಂಗ ಬಂದಾರ್ರಿ?”

“ಇಲ್ಲಿ ಅವರು ಏನು ಹೇಳ್ತಿದ್ದಾರೆ?”

“ಬೇಕು ಅಂತಾರ್ರಿ.”

“ಸರಿಯಾಗಿ ನೋಡು.”

“ನೋಡೀನ್ರಿ ಮಿಸ್. ಬೇಕು, ಬೇಕು. ಗಂಜಿ ಅಂದ್ರ ಅವ್ರಿಗೆ ಭಾಳ ಸೇರ್ತದ.”

“ಬೇಡ ಅಂದಿರಬಹುದಲ್ವಾ?”

ಆಕೆ ನನ್ನನ್ನು ಕನಿಕರದಿಂದ ನೋಡಿದಳು. “ಬ್ಯಾಡ ಅಂದಿದ್ರ ಬಾಯಿ ಇಷ್ಟಗಲ ಆಗ್ತದಲ್ರಿ!” ಎಂದು ದವಡೆ ಇಳಿಸಿ ಮಾಡಿ ತೋರಿಸಿದಳು: ಬ್ಯಾಆಡ.

ಆಕೆಯ ಊರಿನಲ್ಲಿ ನಿರಾಕರಣೆಗೆ ಬಾಯಿ ಅಗಲವಾಗುತ್ತದೆ. ಬೆಂಗಳೂರಿನ ‘ಬೇಡ’ದಲ್ಲಿ ಹಾಗಾಗುವುದಿಲ್ಲ. ಬೇಕು, ಬೇಡ ಎರಡರಲ್ಲೂ ‘ಬೇ’ ಒಂದೇ. ಕ, ಡ ಕಾಣುವುದಿಲ್ಲ. ಕೊನೆಯಲ್ಲಿ ‘ಕು’ ಅನ್ನಲು ತುಟಿ ದುಂಡಗಾಗುವುದೊಂದೇ ವ್ಯತ್ಯಾಸ. ಆ ತಾಯಿಯ ಅರ್ಧ ಬಿದ್ದುಹೋದ ತುಟಿ ಯಾವುದಕ್ಕೂ ದುಂಡಗಾಗುತ್ತಿರಲಿಲ್ಲ. ಬಾಯಿ ಅಗಲವಾಗಲಿಲ್ಲವಾದ್ದರಿಂದ ಅದು ‘ಬ್ಯಾಡ’ ಅಲ್ಲ, ‘ಬ್ಯಾಡ’ ಅಲ್ಲವಾದ್ದರಿಂದ ‘ಬೇಕು’. ಆಕೆಯ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ. ಕಿವಿ ಹೋದ ಮೇಲೆ ಬೆಂಗಳೂರಿಗೆ ಬಂದವಳು. ಈ ಊರಿನ ಕನ್ನಡವನ್ನು ಒಂದು ದಿನವೂ ಕೇಳಿರಲಿಲ್ಲ, ನೋಡಿದ್ದಳು ಅಷ್ಟೇ.

ಹಾಗಾದರೆ ನನ್ನ ಕ್ಲಾಸಿನಲ್ಲಿ ‘ಬೇಡ’ ಹೇಗೆ ಹಿಡಿಯುತ್ತಿದ್ದಳು? ಕನ್ನಡಿಯ ಮುಂದೆ ಒಬ್ಬಳೇ ಹೇಳಿ ನೋಡಿದೆ. ಹೇಳುವಾಗ ನನ್ನ ತಲೆ ಅಡ್ಡಡ್ಡ ಆಡುತ್ತಿತ್ತು. ಪದ್ಯ ಹೇಳುವಾಗ ತಲೆ ಅಲ್ಲಾಡಿಸಿದರೆ ಸಿಸ್ಟರ್‌ಗಳು ಸ್ಕೇಲಿನಿಂದ ತಟ್ಟುತ್ತಿದ್ದರು, ಆ ಅಭ್ಯಾಸ ಬಿಟ್ಟುಹೋಗಿದೆ ಅಂದುಕೊಂಡಿದ್ದೆ. ಆಕೆ ನನ್ನ ತುಟಿಯನ್ನಲ್ಲ, ಕುತ್ತಿಗೆಯನ್ನು ಓದುತ್ತಿದ್ದಳು. ಆ ತಾಯಿಗೆ ಕುತ್ತಿಗೆ ತಿರುಗಿಸುವ ಶಕ್ತಿ ಇರಲಿಲ್ಲ.

ಇದನ್ನು ಆಕೆಗೆ ವಿವರಿಸಲು ತುಂಬಾ ಹೊತ್ತು ಬೇಕಾಯಿತು. ಅರ್ಥವಾದಾಗ ಫೋನನ್ನು ಮೇಜಿನ ಮೇಲೆ ಬೋರಲಾಗಿಟ್ಟಳು.

“ಅಂದ್ರ ಇಷ್ಟು ದಿನ ಅವ್ವ ಬ್ಯಾಡ ಬ್ಯಾಡ ಅಂದ್ರೂ ನಾ ತುರುಕೀನೇನ್ರಿ?”

ಹೌದು ಎಂದೆ. ಬೇರೆ ಏನು ಹೇಳಿದರೂ ಸುಳ್ಳಾಗುತ್ತಿತ್ತು. ಆಕೆ ಅಳಲಿಲ್ಲ. ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಮರುದಿನ ನನ್ನ ಕೋಣೆಗೆ ಬೀಗ ಹಾಕಿ ಆಕೆಯೊಡನೆ ಮೆಟ್ರೋ ಹತ್ತಿ ಆ ಮನೆಗೆ ಹೋದೆ. ನನ್ನ ಪ್ಲಾನ್ ಸರಳವಾಗಿತ್ತು. ಕೇಳುವವರನ್ನು ತಿದ್ದಲು ಆಗದಿದ್ದರೆ ಪದವನ್ನು ಬದಲಾಯಿಸಬೇಕು. ‘ಬೇಡ’ದ ಬದಲು ‘ಸಾಕು’. ‘ಸಾ’ ಅನ್ನಲು ತುಟಿ ಮುಚ್ಚಬೇಕಿಲ್ಲ, ಬಾಯಿ ತೆರೆಯುತ್ತದೆ. ಅರ್ಧ ಬಾಯಿಯಲ್ಲಿ ಹೇಳಿದರೂ ಅದು ‘ಬೇಕು’ವಿನಂತೆ ಕಾಣುವುದಿಲ್ಲ.

ಮನೆಯೊಡತಿ ಒಪ್ಪಲಿಲ್ಲ. “ಕೆಲಸದವಳಿಗೋಸ್ಕರ ನಮ್ಮಮ್ಮ ಭಾಷೆ ಬದಲಾಯಿಸ್ಬೇಕಾ? ಈ ಸ್ಥಿತೀಲಿ?”

“ಮಾತು ಇಬ್ಬರ ಕೆಲಸ, ಮೈ ಡಿಯರ್. ಕಿವಿ ಕೇಳದವರೊಬ್ಬರೇ ಪೂರ್ತಿ ಹೊರಲಿಕ್ಕೆ ಆಗಲ್ಲ. ಅವರನ್ನೇ ಒಂದು ಸಲ ಕೇಳೋಣ.”

ಮಂಚದ ಪಕ್ಕ ಕೂತು ಆ ತಾಯಿಗೆ ಎಲ್ಲವನ್ನೂ ಹೇಳಿದೆ. ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಕಣ್ಣು ಬಹಳ ಚುರುಕಾಗಿತ್ತು. ಮುಗಿಯುವ ತನಕ ಕೇಳಿ, ಬಾಯಿ ತೆರೆದು “ಸಾ...ಕು” ಎಂದು ಉಸಿರಿನಲ್ಲಿ ಹೇಳಿ ನೋಡಿಕೊಂಡರು. ಎಡ ಕೆನ್ನೆ ಮಾತ್ರ ನಕ್ಕಿತು.

ಆಯಾ ಗಂಜಿ ತಂದಳು. ಪರದೆ ಸರಿಸಿ ರೋಗಿಯ ಮುಖಕ್ಕೆ ಬೆಳಕು ಬೀಳುವಂತೆ ಮಾಡಿ ತಾನು ಎದುರಿಗೆ ಕೂತಳು. ಒಂದು ಚಮಚ, ನೋಡುವುದು. ಇನ್ನೊಂದು ಚಮಚ, ನೋಡುವುದು. ಬಟ್ಟಲು ಅರ್ಧವಾಗುವಾಗ ಆ ಬಾಯಿ ತೆರೆದು ಸಾಕು ಎಂದಿತು. ಆಯಾಳ ಕೈ ಗಾಳಿಯಲ್ಲೇ ನಿಂತಿತು.

“ಸಾಕೇನ್ರಿ ಅವ್ವ? ಸಾಕು ಅಂದ್ರಿ, ಹೌದಿಲ್ಲೋ?”

ಅವರು ಕಣ್ಣು ಮುಚ್ಚಿ ತೆರೆದರು. ಆಯಾ ಬಟ್ಟಲು ಕೆಳಗಿಟ್ಟು ಅವರ ಎಡಗೈಯನ್ನು ತನ್ನ ಕಣ್ಣಿಗೊತ್ತಿಕೊಂಡಳು. ಮನೆಯೊಡತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು. “ಓ. ವೆರಿ ನೈಸ್,” ಎಂದರು. ಗ್ರೂಪಿನಲ್ಲಿ ನಿಜ ಏನೆಂದು ಹಾಕಿ ಎಂದು ಕೇಳಿದೆ. “ಹಾಕ್ತೀನಿ ಹಾಕ್ತೀನಿ,” ಎಂದರು.

ಹಬ್ಬದವರೆಗೆ ಒಂದು ದೂರೂ ಬರಲಿಲ್ಲ. ಹಬ್ಬದ ಮಾರನೇ ದಿನ ಮನೆಯೊಡತಿ ನನ್ನನ್ನು ಕರೆಸಿದರು. ಆಯಾಳನ್ನು ಉಳಿಸಿಕೊಳ್ಳುವುದಾಗಿ ಹೇಳಲು ಎಂದುಕೊಂಡು ನಾನೇ ಕರಿದ ಕಲ್‌ಕಲ್ ಸಿಹಿ ಒಂದು ಡಬ್ಬಿ ತೆಗೆದುಕೊಂಡು ಹೋದೆ.

“ಏಜೆನ್ಸಿಯವರು ಬೇರೆಯವಳನ್ನ ಕೊಟ್ರು. ನಾಳೆಯಿಂದ ಬರ್ತಾಳೆ. ಮಷೀನು ಗಿಷೀನು ನಿಮ್ದಲ್ವಾ, ಇವಳ ಹತ್ರ ಇಸ್ಕೊಂಡ್ಬಿಡಿ ಅಂತ ಕರೆದೆ.”

“ಈಗ ಎಲ್ಲ ಸರಿಯಾಗಿದೆಯಲ್ಲ!”

“ಸರಿಯಾಗಿದೆ ಮೇಡಂ, ನಾನೆಲ್ಲಿ ಇಲ್ಲ ಅಂದೆ? ಆದ್ರೆ ಎದುರುಮನೆಯವರು ಕೇಳ್ತಾರೆ, ಆ ರಾಕ್ಷಸೀನ ಇನ್ನೂ ಇಟ್ಕೊಂಡಿದ್ದೀರಾ ಅಂತ. ಹೆತ್ತಮ್ಮನ ಮೇಲೆ ಅಷ್ಟೂ ಕಾಳಜಿ ಇಲ್ವಾ ಅಂತ. ನಾನೇನ್ ಹೇಳ್ಲಿ?”

ಗ್ರೂಪಿನಲ್ಲಿ ಏನನ್ನೂ ಹಾಕಿರಲಿಲ್ಲ ಎಂದು ತಿಳಿಯಿತು. “ನಿಮ್ಮ ತಾಯಿಯನ್ನ ಕೇಳಿದ್ರಾ?” ಎಂದೆ.

“ಕೇಳೋಣ ಬನ್ನಿ,” ಎಂದು ಅವರೇ ಮುಂದೆ ನಡೆದರು. ಆಯಾ ಕಾಲ ಬುಡದಲ್ಲಿ ಕೂತು ಅವರ ಪಾದಕ್ಕೆ ಎಣ್ಣೆ ಹಚ್ಚುತ್ತಿದ್ದಳು.

“ಅಮ್ಮಾ, ಹೊಸಬಳು ಬರ್ತಾಳೆ. ಕಿವಿ ಚೆನ್ನಾಗಿ ಕೇಳುತ್ತೆ. ಕರೆಸ್ಲಾ?”

ತಾಯಿ ಮಗಳನ್ನು ನೋಡಿದರು. ಆಮೇಲೆ ಆಯಾಳ ಕಡೆ ಕಣ್ಣು ಹೊರಳಿಸಿದರು. ಬಾಯಿ ತೆರೆಯಲು ಬಹಳ ಹೊತ್ತು ತೆಗೆದುಕೊಂಡು, “ಇವಳು... ಸಾಕು,” ಎಂದರು.

“ನೋಡಿದ್ರಾ?” ಮನೆಯೊಡತಿ ನನ್ನ ಕಡೆ ತಿರುಗಿದರು. “ಇವಳು ಸಾಕಾಯ್ತು ಅಂತ ಅಮ್ಮನೇ ಹೇಳಿದ್ರು.”

“ಅಲ್ಲ! ಇವಳೇ ಸಾಕು, ಬೇರೆಯವರು ಬೇಡ ಅಂತ ಹೇಳ್ತಿದ್ದಾರೆ.”

“ಇವಳೇ ಅಂದ್ರಾ? ‘ಏ’ ಎಲ್ಲಿ ಕೇಳಿಸ್ತು ನಿಮಗೆ? ನನಗಂತೂ ಇವಳು ಅಂತ್ಲೇ ಕೇಳ್ತು.”

ನನಗೂ ‘ಇವಳು’ ಎಂದೇ ಕೇಳಿಸಿತ್ತು. ಆ ಬಾಯಿಗೆ ಪದದ ಕೊನೆಯನ್ನು ಹಿಡಿದಿಡುವ ಬಲ ಇರಲಿಲ್ಲ, ಎಲ್ಲವೂ ಒಂದೇ ಉಸಿರಾಗಿ ಸೋರಿಹೋಗುತ್ತಿತ್ತು. ನಾನು ಬಾಗಿ, “ಆಯಾ ಇಲ್ಲೇ ಇರಬೇಕಾ? ಹೌದಾದರೆ ಕಣ್ಣು ಮುಚ್ಚಿ,” ಎನ್ನುವಷ್ಟರಲ್ಲಿ ಅವರ ಕಣ್ಣು ತುಂಬಿ ಹರಿದು ಮುಚ್ಚಿಕೊಂಡಿತು. ಅದು ಬೇಕೆಂದೇ ಮುಚ್ಚಿದ್ದೋ, ನೀರಿಗೆ ತಾನಾಗಿ ಮುಚ್ಚಿಕೊಂಡದ್ದೋ ಎಂದು ವಾದಿಸಲು ಮಗಳಿಗೆ ಅಷ್ಟೇ ಸಾಕಾಯಿತು.

“ಸಾಕು ಮೇಡಂ, ಪ್ಲೀಸ್. ಸ್ಟ್ರೆಸ್ ಮಾಡ್ಬೇಡಿ. ಸ್ಟ್ರೋಕ್ ಆದೋರಿಗೆ ಸುಮ್‌ಸುಮ್ನೆ ಅಳು ಬರುತ್ತೆ ಅಂತ ಡಾಕ್ಟರೇ ಹೇಳಿದ್ದಾರೆ. ಅದಕ್ಕೆ ಅರ್ಥ ಇರಲ್ಲ.”

ಡಾಕ್ಟರ್ ಹೇಳಿದ್ದು ನಿಜವೇ. ಹಾಗೆ ಆಗುವುದುಂಟು. ನಾನು ತಲೆತಗ್ಗಿಸಿ ಹೊರಗೆ ಬಂದೆ. ಆಯಾ ಆಗಲೇ ಕೈಯ ಎಣ್ಣೆ ಒರೆಸಿಕೊಂಡು ಚೀಲ ಹಿಡಿದು ಗೇಟಿನ ಹತ್ತಿರ ಬಂದಿದ್ದಳು.

“ಅವರು ನಿನ್ನನ್ನ ಹೋಗು ಅನ್ನಲಿಲ್ಲ,” ಎಂದೆ, ಬೆಳಕಿಗೆ ಮುಖ ಮಾಡಿ, ನಿಧಾನವಾಗಿ. “ನೀನೊಬ್ಬಳಿದ್ದರೆ ಸಾಕು ಅಂದರು.”

ಆಕೆ ಸಿಕ್ಕಿದ್ದನ್ನು ತಿರುಗಿ ಹೇಳಿದಳು. “ನಾ ಇದ್ರ ಸಾಕು ಅಂದ್ರಾ?” ಆಮೇಲೆ ತಲೆಯಾಡಿಸಿದಳು. “ಸುಮ್ನ ಸಮಾಧಾನಕ್ಕ ಹೇಳ್ಬ್ಯಾಡ್ರಿ ಮಿಸ್. ನಾನೂ ನೋಡೀನಿ. ಸಾಕು ಅಂದ್ರು. ಸಾಕು ಅಂದ್ರ ನಿಲ್ಲಸ್ಬೇಕು. ನೀವೇ ಕಲಿಸಿದ್ದಲ್ರಿ?”

ಎಷ್ಟು ಬಗೆಯಲ್ಲಿ ಹೇಳಿದರೂ ನಂಬಲಿಲ್ಲ. ಮಷೀನು ಬಿಚ್ಚಿ ಕೊಡಲು ಬಂದಳು. ಇಟ್ಟುಕೋ ಎಂದು ಕೈ ಹಿಂದಕ್ಕೆ ತಳ್ಳಿದೆ.

ಏಜೆನ್ಸಿಯವರು ಆಕೆಯನ್ನು ಮತ್ತೆ ಎಲ್ಲಿಗೂ ಕಳಿಸಲಿಲ್ಲ. ಈಗ ಮಾರತ್ತಹಳ್ಳಿಯ ಒಂದು ಪಿ.ಜಿ.ಯಲ್ಲಿ ಪಾತ್ರೆ ತೊಳೆಯುತ್ತಾಳೆ. ಅಲ್ಲಿ ಆಕೆಯೊಡನೆ ಯಾರೂ ಮಾತಾಡುವ ಅಗತ್ಯವಿಲ್ಲ. ರಜೆಯ ದಿನ ನನ್ನ ಹತ್ತಿರ ಬಂದು ಕನ್ನಡಿಯ ಮುಂದೆ ಕೂರುತ್ತಾಳೆ. ಈ ಊರಿನವರ ಬಾಯಿ ಕಲಿಯಬೇಕಂತೆ.

ಕ್ರಿಸ್‌ಮಸ್‌ಗೆ ಮೊದಲು ಮನೆಯೊಡತಿಯ ಫೋನ್ ಬಂತು. ದನಿ ಬಹಳ ಹಗುರವಾಗಿತ್ತು. ಹೊಸಬಳ ಕೈಯಲ್ಲಿ ಅಮ್ಮ ಮೊದಲ ಚಮಚಕ್ಕೇ ಸಾಕು ಅನ್ನತೊಡಗಿದರಂತೆ. ಆಮೇಲೆ ಬಾಯಿ ತೆರೆಯುವುದನ್ನೇ ನಿಲ್ಲಿಸಿದರಂತೆ. ಆಸ್ಪತ್ರೆಗೆ ಸೇರಿಸಿ ಮೂಗಿಗೆ ಟ್ಯೂಬ್ ಹಾಕಿಸಿ ಕರೆತಂದಿದ್ದಾರೆ.

“ಒಂಥರಾ ಒಳ್ಳೇದೇ ಆಯ್ತು ಮೇಡಂ. ಈಗ ಬೇಕು ಬೇಡ ಅನ್ನೋ ತಲೆನೋವೇ ಇಲ್ಲ.”

ಆ ಭಾನುವಾರ ಬಂದ ಆಯಾಳಿಗೆ ವಿಷಯ ಹೇಳಿದೆ. ಮೊದಲ ಸಲಕ್ಕೆ ಹಿಡಿಯಲಿಲ್ಲ. ಬೇರೆ ಮಾತಿನಲ್ಲಿ ಹೇಳಿದೆ. ಆಕೆ ತನ್ನ ಮೂಗು ಮುಟ್ಟಿಕೊಂಡು, “ಇಲ್ಲಿಂದ ನಳಗಿ? ಸೀದಾ ಹೊಟ್ಟಿಗೆ?” ಎಂದು ಕೇಳಿದಳು. ಹೌದು ಎಂದು ತಲೆಯಾಡಿಸಿದೆ.

ಕನ್ನಡಿಯಲ್ಲಿ ನನ್ನ ಬಾಯಿಯನ್ನೇ ಸ್ವಲ್ಪ ಹೊತ್ತು ನೋಡುತ್ತಾ ಕೂತಳು, ನಾನು ಇನ್ನೇನಾದರೂ ಹೇಳುತ್ತೇನೆಯೇ ಎಂದು.

“ಹಂಗಾರ ಗಂಜಿಗೆ ಉಪ್ಪು ಸಾಲಲಿಲ್ಲಂದ್ರ ಅವ್ವಗ ಗೊತ್ತಾಗಂಗಿಲ್ಲಲ್ರಿ,” ಎಂದಳು.